ಬೇಳೆಗೆ ತಂದ ನೀರು ಬೀಗರಿಗೆ

ಹೋದ ಭಾನುವಾರ ಔರಾದಿನ ಒಂದು ಮದುವೆಯಲ್ಲಿ, ಬೇಳೆ ಬೇಯಿಸಲೆಂದು ಬೀದರಿನಿಂದ ತಂದಿದ್ದ ನೀರನ್ನು ನಾನು ಭಾಲ್ಕಿಯ ಬೀಗರಿಗೆ ಕುಡಿಸಿಬಿಟ್ಟೆ.

ಬೇಕಂತ ಮಾಡಿದ್ದಲ್ಲ. ಉಪಕಾರ ಮಾಡಲು ಹೋಗಿದ್ದೆ. (ನನ್ನ ಹೆಚ್ಚಿನ ಅನಾಹುತಗಳು ಶುರುವಾಗುವುದೇ ಹೀಗೆ.)

ಮದುವೆ ನನ್ನ ಹಳೆಯ ಸ್ನೇಹಿತ ಮಾಣಿಕರಾವ್ ಅವರ ಮಗಳದು. ಅವರು ನಿವೃತ್ತ ವಿಜ್ಞಾನ ಶಿಕ್ಷಕರು, ಔರಾದಿಗೆಲ್ಲ ‘ಸರ್’. ಬೆಳಿಗ್ಗೆ ಒಂಬತ್ತೂವರೆಗೆ ಭಾಲ್ಕಿಯಿಂದ ಗಂಡಿನ ಕಡೆಯವರ ಬಸ್ಸು ಬಂತು. ಆಗಲೇ ಬಿಸಿಲು ಏರಿತ್ತು. ಇಳಿದವರೆಲ್ಲ ಮೊದಲು ಕೇಳಿದ್ದು ನೀರು. ಮನೆಯವರು ವೇದಿಕೆಯ ಹೂವಿನ ಕೆಲಸದಲ್ಲಿ ಮುಳುಗಿದ್ದರು. ಪೆಂಡಾಲಿನ ಹಿಂದೆ, ನೆರಳಿನಲ್ಲಿ, ಆರು ನೀಲಿ ಕ್ಯಾನುಗಳು ಸಾಲಾಗಿ ನಿಂತಿದ್ದವು.

ನೀಲಿ ಕ್ಯಾನ್ ಕಂಡರೆ ನೀವೇನು ಹುಡುಕುತ್ತೀರಿ? ಗ್ಲಾಸು. ನಾನೂ ಅದನ್ನೇ ಹುಡುಕಿದೆ.

ಬಗ್ಗಿಸಿ ಬಗ್ಗಿಸಿ ಕೊಟ್ಟೆ. ಬೀಗರು ಕುಡಿದರು. ಬಾಟಲಿ ತುಂಬಿಕೊಂಡರು. ಮುಖ ತೊಳೆದರು. ಇಬ್ಬರು ಹಿರಿಯರು ಕಾಲನ್ನೂ ತೊಳೆದರು. “ನೀರು ಭಾಳ ಸಿಹಿ ಅದರಿ,” ಎಂದು ಒಬ್ಬರು ಮೆಚ್ಚಿದರು. ಬಾವಿ ನನ್ನದೇ ಎನ್ನುವಂತೆ ನಕ್ಕೆ.

ಆಗ ಅಡುಗೆಯ ಖಾಜಾಭಾಯಿ ಬಂದರು.

“ಸಾಬ್, ಇದೇನ್ ಮಾಡೀರಿ?”

“ಕುಡಿಯೋ ನೀರ ಅಲ್ಲೇನ್ರಿ?”

“ನನ್ನ ಬ್ಯಾಳಿ ನೀರ್ರೀ ಅದು!”

ಖಾಜಾಭಾಯಿ ಬೀದರಿನ ಹಳೇ ಊರಿನ ಬಾವರ್ಚಿ. ಯಾವ ಊರಿಗೆ ಅಡುಗೆಗೆ ಹೋದರೂ ತಮ್ಮ ಓಣಿಯ ಬಾವಿಯ ನೀರನ್ನು ಕ್ಯಾನಿನಲ್ಲಿ ತುಂಬಿ, ಗೂಡ್ಸ್ ಆಟೊದಲ್ಲಿ ಹಾಕಿಕೊಂಡೇ ಹೋಗುತ್ತಾರೆ. ಸೌದೆ ಆ ಊರಿನದಾದರೆ ಅಡ್ಡಿಯಿಲ್ಲ. ತೊಗರಿಬೇಳೆ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯದಾದರೂ ಸರಿ, ಮನ್ನಳ್ಳಿಯ ಹೊಲದ್ದಾದರೂ ಸರಿ. ಬೇಳೆಯ ನೀರು ಮಾತ್ರ ಅವರದೇ ಆಗಬೇಕು.

ಈ ವಿಷಯ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದೇ ನಾಚಿಕೆಯ ಸಂಗತಿ. ಮೂರು ವಾರದ ಹಿಂದೆ ಪತ್ರಿಕೆಯ ಇದೇ ಅಂಕಣದಲ್ಲಿ, ನಮ್ಮ ಕಡೆಯ ಮದುವೆ ಅಡುಗೆಯ ಬಗ್ಗೆ ಬರೆಯುತ್ತ, “ನೀರು ಎಲ್ಲಿಯದಾದರೂ ನೀರೇ. ಕ್ಯಾನ್ ಹೊತ್ತು ತಿರುಗುವುದು ಬಾವರ್ಚಿಗಳ ಬಡಿವಾರ” ಎಂದು ತೀರ್ಪು ಕೊಟ್ಟಿದ್ದೆ. ಕ್ಯಾನ್ ಹೇಗಿರುತ್ತದೆ ಎಂದು ಹೋಗಿ ನೋಡಿರಲಿಲ್ಲ. ಒಬ್ಬ ಬಾವರ್ಚಿಯನ್ನೂ ಕೇಳಿರಲಿಲ್ಲ. ನಮ್ಮ ಡೆಸ್ಕಿನಲ್ಲಿ ಹೊಸ ವರದಿಗಾರ ಹೀಗೆ ಬರೆದು ತಂದಿದ್ದರೆ ಕಾಪಿ ವಾಪಸ್ ಎಸೆಯುತ್ತಿದ್ದೆ.

“ನೀವು ಪೇಪರಿನ್ಯಾಗ ಬರ್ದಿದ್ದು ಸರ್ ಓದಿ ಹೇಳ್ಯಾರ,” ಎಂದರು ಖಾಜಾಭಾಯಿ. “ಬರ್ದಿದ್ದು ಸಾಕಾಗಿಲ್ಲಂತ ಚೆಲ್ಲಾಕೂ ಬಂದೀರೇನು?”

ಆರು ಕ್ಯಾನಿನಲ್ಲಿ ಉಳಿದದ್ದು ಒಂದೂವರೆ. ಊಟ ಒಂದು ಗಂಟೆಗೆ, ಮುನ್ನೂರು ಜನಕ್ಕೆ. ಸಾಲದ್ದಕ್ಕೆ ಇನ್ನೊಂದು ತೊಡಕು. ಗಂಡಿನ ಚಿಕ್ಕಪ್ಪನ ಮನೆಯಲ್ಲೂ ಮದುವೆ ಬರಲಿತ್ತು. ಇಲ್ಲಿ ಉಂಡು ನೋಡಿ, ಹಿಡಿಸಿದರೆ ಆ ಅಡುಗೆಯನ್ನೂ ಖಾಜಾಭಾಯಿಗೆ ಒಪ್ಪಿಸುವುದಾಗಿ ಅವರು ತಿಳಿಸಿದ್ದರು. ಅಂದರೆ ಆ ದಿನದ ಬೇಳೆ ಬರೀ ಬೇಳೆಯಲ್ಲ, ಪರೀಕ್ಷೆ.

“ಇಲ್ಲಿಯ ಬೋರಿನ ನೀರಿಗೇನಾಗ್ಯಾದ?” ಎಂದು ಮಾಣಿಕರಾವ್ ಅವರ ಅಕ್ಕ ಪದ್ಮಾಬಾಯಿ ಸೊಂಟಕ್ಕೆ ಕೈಯಿಟ್ಟು ಬಂದರು. “ನಾವು ಇದೇ ನೀರಿನ್ಯಾಗ ಬ್ಯಾಳಿ ಮಾಡಿ ಉಣ್ಣಲತ್ತೀವಿ. ನಮ್ಮ ಹಲ್ಲು ಉದುರ್ಯಾವೇನು?”

“ಅಕ್ಕಾ, ನೀವು ಕುಕ್ಕರಿನ್ಯಾಗ ಮಾಡ್ತೀರಿ. ನನ್ನ ಡೇಗಿಗಿ ಸೀಟಿ ಇಲ್ಲ.”

ಇಷ್ಟು ಚಿಕ್ಕ ವಾಕ್ಯದಲ್ಲಿ ಇಷ್ಟು ವಿಜ್ಞಾನ ನಾನು ಕೇಳಿಲ್ಲ. ಕುಕ್ಕರಿನೊಳಗಿನ ಒತ್ತಡಕ್ಕೆ ನೀರು ನೂರು ಡಿಗ್ರಿ ದಾಟಿದ ಮೇಲೆ ಕುದಿಯುತ್ತದೆ. ಹಾಗಾಗಿ ಹಟಮಾರಿ ಬೇಳೆಯೂ ಸೋಲುತ್ತದೆ. ಆದರೆ ಡೇಗು ಎಂಬ ಬಾಯಿ ತೆರೆದ ದೊಡ್ಡ ಹಂಡೆಯಲ್ಲಿ, ಸೌದೆ ಎಷ್ಟೇ ಒಟ್ಟಿದರೂ ಕುದಿಯುವ ನೀರಿನ ಬಿಸಿ ನೂರು ದಾಟುವುದಿಲ್ಲ.

ಖಾಜಾಭಾಯಿ ವಾದ ಬೆಳೆಸಲಿಲ್ಲ. ಸಣ್ಣ ಪಾತ್ರೆಯಲ್ಲಿ ಬೋರಿನ ನೀರು ಕಾಯಿಸಿ ಒಂದು ಹಿಡಿ ಬೇಳೆ ಹಾಕಿದರು. ಅರ್ಧ ಗಂಟೆ ಕುದಿಸಿ, ಒಂದು ಕಾಳನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಅದು ಚಪ್ಪಟೆಯಾಗಲಿಲ್ಲ. ಜಾರಿ ಹಾರಿ ನನ್ನ ಕನ್ನಡಕಕ್ಕೆ ಬಡಿಯಿತು.

“ನೀರೆಲ್ಲ ನೀರೇ ಅಲ್ರಿ, ಸಾಬ್?”

ನಾನು ಕನ್ನಡಕ ಒರೆಸಿಕೊಂಡೆ.

“ಸೋಡಾ ಪುಡಿ ಹಾಕಿಬಿಡು,” ಎಂದರು ಪದ್ಮಾಬಾಯಿ.

“ಸೋಡಾ ಹಾಕಿದ್ರ ಮೆತ್ತಗಾಗ್ತದ, ರುಚಿ ಸಾಯ್ತದ. ಬೀಗರ ಬಾಯಿಗಿ ಮೊದಲು ಅದೇ ಹತ್ತೋದು.”

ಅಷ್ಟರಲ್ಲಿ ಗದ್ದಲ ಕೇಳಿ ಮಾಣಿಕರಾವ್ ಬಂದರು. ಹೊಸ ಬಿಳಿ ಅಂಗಿ, ಎದೆಗೆ ಹೂವು. ಬೇಳೆ ನೋಡಿದರು. ಬಕೆಟ್ಟಿನ ಅಂಚಿಗೆ ಹತ್ತಿದ್ದ ಬಿಳಿ ಕರೆ ನೋಡಿದರು. ಮಗಳ ಮದುವೆಯನ್ನು ಒಂದು ನಿಮಿಷ ಮರೆತೇಬಿಟ್ಟರು.

“ಗಡಸು ನೀರು!” ಎಂದರು, ಕಳೆದುಹೋದ ಗೆಳೆಯ ಸಿಕ್ಕಂತೆ. “ಖಾಜಾ, ಮೊದಲು ನೀರು ಒಂದೇ ಕುದಿಸು. ಬ್ಯಾಳಿ ಹಾಕಬ್ಯಾಡ. ಚೆನ್ನಾಗಿ ಕುದ್ದ ಮ್ಯಾಲ ಇಳಿಸು, ಬಿಳೀದು ತಳಕ್ಕ ಕೂಡ್ತದ. ಮ್ಯಾಲಿಂದು ಬಟ್ಟಿಲೆ ಸೋಸಿ ತಗೋ.”

“ಆಗ್ತದೇನ್ರಿ ಸರ್?”

“ಬೋರ್ಡಿನ ಮ್ಯಾಲ ಮೂವತ್ತು ವರ್ಷ ಕುದಿಸೀನಿ. ಒಲಿ ಮ್ಯಾಲ ಇವತ್ತೇ ಮೊದಲು.”

ಲೆಕ್ಕ ಇಷ್ಟೇ. ಬೀದರ್ ನಗರ ಕೂತಿರುವುದು ತೂತು ತೂತಾದ ಕೆಂಪು ಕಲ್ಲಿನ ಮೇಲೆ. ಅದರೊಳಗಿನ ಸುಣ್ಣವನ್ನು ಮಳೆ ಎಂದೋ ತೊಳೆದುಕೊಂಡು ಹೋಗಿದೆ. ಔರಾದು, ಭಾಲ್ಕಿಯ ಕಡೆ ಕರಿಕಲ್ಲು. ಆಳದ ಬೋರಿನ ನೀರು ಆ ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ಕೂತು ಸುಣ್ಣದ ಅಂಶ ಕರಗಿಸಿಕೊಂಡಿರುತ್ತದೆ. ಬೇಳೆಯ ಕಣಗಳನ್ನು ಹಿಡಿದಿಡುವ ಅಂಟನ್ನು ಈ ಸುಣ್ಣ ಇನ್ನಷ್ಟು ಬಿಗಿ ಮಾಡುತ್ತದೆ. ಕುದಿಸಿದರೆ ಅದರಲ್ಲಿ ಒಂದು ಪಾಲು ಬಿಳಿ ಪುಡಿಯಾಗಿ ಕೆಳಗಿಳಿಯುತ್ತದೆ. ಇನ್ನೊಂದು ಪಾಲು ಎಷ್ಟು ಕುದಿಸಿದರೂ ಜಪ್ಪಯ್ಯ ಅನ್ನುವುದಿಲ್ಲ. ಈ ಬೋರಿನಲ್ಲಿ ಯಾವುದು ಹೆಚ್ಚು? ಅದು ಮಾಣಿಕರಾವ್ ಅವರಿಗೂ ಗೊತ್ತಿರಲಿಲ್ಲ.

ನೀರು ಕುದಿದು, ತಿಳಿಯಾಗಿ, ಸೋಸಿ, ಆಮೇಲೆ ಬೇಳೆ ಬೇಯಬೇಕು. ಊಟ ತಡವಾಗುವುದು ಖಚಿತ. ಮದುವೆಯ ವಂದನೆ-ಪ್ರಾರ್ಥನೆ ಮುಗಿದು ವಧೂವರರ ಹಾರ ಬದಲಾದ ಮೇಲೆ ಜನ ಏಳದಂತೆ ಹಿಡಿದಿಡುವವರು ಯಾರು?

ಪದ್ಮಾಬಾಯಿ ನನ್ನ ಕೈಗೆ ಮೈಕ್ ಕೊಟ್ಟರು. “ನೀರು ಕುಡಿಸಿದವರು ನೀವೇ, ಪೇಪರ್ ಸಾಹೇಬ್ರ. ಈಗ ಮಾತು ಕುಡಿಸ್ರಿ.”

ಏನು ಮಾತಾಡುವುದು? ತಲೆಯಲ್ಲಿ ತುಂಬಿದ್ದು ನೀರೊಂದೇ. ಹೋದ ವರ್ಷ ಕಾರವಾರದಲ್ಲಿ ಸಮುದ್ರ ಕಂಡದ್ದನ್ನು ಹೇಳತೊಡಗಿದೆ. ನಾಲಿಗೆಗೆ ಹಚ್ಚಿದರೆ ಕಟು ಉಪ್ಪು. ನಮ್ಮ ನೀರಿಗಿಂತ ತೂಕ ಜಾಸ್ತಿ, ಹಾಗಾಗಿ ಈಜು ಬಾರದ ನಾನೂ ಅಂಗಾತ ಮಲಗಿ ಸ್ವಲ್ಪ ಹೊತ್ತು ತೇಲಿದೆ. ನೀರು ಹೆಪ್ಪುಗಟ್ಟುವ ಚಳಿಯಲ್ಲೂ ಅದು ಬೇಗ ಹೆಪ್ಪುಗಟ್ಟುವುದಿಲ್ಲ. ಸೋಪು ಹಚ್ಚಿದರೆ ನೊರೆಯೇ ಬರುವುದಿಲ್ಲ.

“ನಮ್ಮ ಬೋರಿನ್ಯಾಗೂ ಬರಂಗಿಲ್ರಿ!” ಎಂದು ಹಿಂದಿನ ಸಾಲಿನಿಂದ ಕೂಗು ಬಂತು. ಪೆಂಡಾಲು ನಕ್ಕಿತು.

ಕಾಲು ತೊಳೆದಿದ್ದ ಭಾಲ್ಕಿಯ ಹಿರಿಯರೊಬ್ಬರು ಎದ್ದು ನಿಂತರು. “ನಮ್ಮ ಮಾಂಜ್ರಾ ಸಿಹಿ. ಗೋದಾವರಿ ಸಿಹಿ. ಎಲ್ಲಾ ಸಿಹಿ ನೀರು ಹೋಗಿ ಕೂಡಿದ್ರ ಸಮುದ್ರ ಹ್ಯಾಂಗ ಉಪ್ಪಾಯ್ತು?”

ಒಳ್ಳೆಯ ಪ್ರಶ್ನೆ. ವೇದಿಕೆಯ ಮೇಲಿಂದ ಮಾಣಿಕರಾವ್ ಹಾರ ಸರಿಮಾಡಿಕೊಳ್ಳುತ್ತ ಉತ್ತರಿಸಿದರು. “ನದಿ ಹೋಗೋ ಹಾದ್ಯಾಗ ಕಲ್ಲಿನಿಂದ ಚಿಟಿಕಿ ಚಿಟಿಕಿ ಉಪ್ಪು, ಸುಣ್ಣ ಕರಗಿಸಿಕೊಂಡು ಒಯ್ತದ್ರಿ. ಬಿಸಿಲಿಗಿ ನೀರು ಆವಿಯಾಗಿ ಮ್ಯಾಲ ಏರ್ತದ, ಗಂಟು ಮಾತ್ರ ಅಲ್ಲೇ ಬಿಟ್ಟು ಏರ್ತದ. ಸುಣ್ಣ ಶಂಖ, ಚಿಪ್ಪಿ ಕಟ್ಟಾಕ ಹೋಗ್ತದ. ಉಪ್ಪು ಯಾರಿಗೂ ಬ್ಯಾಡ, ಉಳೀತದ.”

“ಅಂದ್ರ ನಮ್ಮೂರಿನ ಗಂಟೂ ಅಲ್ಲೇ ಅದ?”

“ಅದಲ್ಲಾ ಮತ್ತ!”

ಮದುಮಗಳು ಜೋರಾಗಿ ನಕ್ಕಳು. ಅಪ್ಪನ ಪಾಠ ತನ್ನ ಮದುವೆಯ ದಿನವೂ ತಪ್ಪಲಿಲ್ಲವಲ್ಲ ಎಂದಿರಬೇಕು.

ಇನ್ನು ಹೇಳಲು ನನ್ನ ಬಳಿ ಸಮುದ್ರ ಉಳಿದಿರಲಿಲ್ಲ. ಕಣ್ಣು ಒಲೆಯ ಕಡೆಗೇ. ಖಾಜಾಭಾಯಿ ಡೇಗಿನಿಂದ ಸೌಟಿನಲ್ಲಿ ಬೇಳೆ ತೆಗೆದರು. ಒಂದು ಕಾಳನ್ನು ಹೆಬ್ಬೆರಳಿನ ಕೆಳಗಿಟ್ಟರು. ಒತ್ತಿದರು. ಆ ಹೆಬ್ಬೆರಳನ್ನು ಮೈಕ್ ಹಿಡಿದ ನನಗೆ ದೂರದಿಂದಲೇ ಎತ್ತಿ ತೋರಿಸಿದರು.

ಹಳದಿ. ಬೆಣ್ಣೆಯಂತೆ ಮೆತ್ತಿಕೊಂಡಿತ್ತು.

ಊಟ ಒಂದೂ ಮುಕ್ಕಾಲು ಗಂಟೆಗೆ ಶುರುವಾಯಿತು. ಗಂಡಿನ ಚಿಕ್ಕಪ್ಪ ಬೇಳೆ ಎರಡು ಸಲ ಹಾಕಿಸಿಕೊಂಡರು. (ನಾನು ಎಣಿಸಿದೆ. ವರದಿಗಾರನ ಅಭ್ಯಾಸ.) ಪದ್ಮಾಬಾಯಿ ಉಂಡು, ಕೈ ತೊಳೆಯುವಾಗ ಒಂದೇ ಮಾತು ಹೇಳಿದರು: “ನಮ್ಮ ಬೋರಿನ ನೀರೇ ಅಲ್ಲೇನು, ಕಡೀಕ?”

ಅವರದೂ ಸರಿ, ಖಾಜಾಭಾಯಿಯದೂ ಸರಿ. ತಪ್ಪು ನನ್ನೊಬ್ಬನದು. ಮುನ್ನೂರು ಜನರ ಊಟವನ್ನು ಕಾಪಾಡುವ ಪರೀಕ್ಷೆಯೊಂದನ್ನು ಒಬ್ಬ ಬಾವರ್ಚಿ ದಿನವೂ ಹೆಬ್ಬೆರಳಿನಲ್ಲಿ ಮಾಡುತ್ತಾನೆ. ನಾವು ಅದಕ್ಕೆ ಬಡಿವಾರ ಎಂದು ಹೆಸರಿಡುತ್ತೇವೆ. ಏಕೆ? ಅವನು ಅದನ್ನು ಬೋರ್ಡಿನ ಮೇಲೆ ಬರೆಯಲಿಲ್ಲ ಎಂದೇ?

ಪತ್ರಿಕೆಯಲ್ಲಿ ನಾನು ಕಲಿತ ನಿಯಮ ಒಂದಿದೆ. ತಪ್ಪು ಎಲ್ಲಿ ಅಚ್ಚಾಯಿತೋ ತಿದ್ದುಪಡಿಯೂ ಅಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚಾಗಬೇಕು. ಆದ್ದರಿಂದ ಇಲ್ಲಿ ದಾಖಲಿಸುತ್ತೇನೆ: ನೀರು ಎಲ್ಲಿಯದಾದರೂ ನೀರೇ ಎಂದು ಬರೆದದ್ದು ತಪ್ಪು. ಬಡಿವಾರ ಬಾವರ್ಚಿಗಳದಲ್ಲ, ಬರೆದವನದು.

ಇದನ್ನು ಬರೆಯುತ್ತಿರುವಾಗಲೇ ಖಾಜಾಭಾಯಿಯ ಫೋನು ಬಂತು. ಭಾಲ್ಕಿಯ ಆ ಚಿಕ್ಕಪ್ಪನ ಮನೆಯ ಮದುವೆ ಅಡುಗೆ ಅವರಿಗೇ ಸಿಕ್ಕಿದೆಯಂತೆ.

“ನೀವೂ ಬರ್ರಿ ಸಾಬ್. ಈ ಸಲ ಕ್ಯಾನಿಗಿ ಬೀಗ ಹಾಕೇನಿ.”