ಬೆನ್ನ ಮೇಲಿನ ನಾಲ್ಕು ಗುಂಡಿ

ಮೊಮ್ಮಗಳು ಹೋಗುವ ಶಿಶುವಿಹಾರದ ಆಯಾಳಿಗೆ ಮಕ್ಕಳಿಟ್ಟ ಹೆಸರು ಗುಂಡಿ ಆಯಮ್ಮ. ಕಿತ್ತುಹೋದ ಗುಂಡಿ ಹೊಲಿಯಲೆಂದು ದಾರ ಪೋಣಿಸಿದ ಸೂಜಿಯೊಂದು ಯಾವಾಗಲೂ ಅವಳ ತೋಳಿನ ಬಟ್ಟೆಗೆ ಚುಚ್ಚಿರುತ್ತದೆ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಮೂಗು ಒರೆಸುತ್ತಾ, ಕುಂಡೆ ತೊಳೆಯುತ್ತಾ ಇದ್ದಾಳೆ. ನಾನು ಮಧ್ಯಾಹ್ನ ಬೇಗ ಹೋಗಿ ಬೆಂಚಿನ ಮೇಲೆ ಕೂತು ಅವಳ ಕೆಲಸ ನೋಡುತ್ತೇನೆ.

ಬಣ್ಣ, ಅಂಟು ಮೆತ್ತದಿರಲಿ ಅಂತ ಮಕ್ಕಳಿಗೆ ಬಟ್ಟೆಯ ಮೇಲೊಂದು ನೀಲಿ ಗೌನು. ಗುಂಡಿಗಳು ನಾಲ್ಕೂ ಬೆನ್ನ ಮೇಲೆ. ತನ್ನದನ್ನು ತಾನು ಹಾಕಿಕೊಳ್ಳಲಾಗದು. ಮಕ್ಕಳು ಆಯಮ್ಮನ ಹತ್ತಿರ ಓಡಿದರೆ ಅವಳು ಕೈ ಹಿಂದೆ ಕಟ್ಟಿಕೊಂಡು ಬಿಡುತ್ತಾಳೆ.

"ನನಗೆ ಕೈಯೇ ಇಲ್ಲ ಕಣೇ. ಪಕ್ಕದವಳನ್ನ ಕೇಳು. ಅವಳು ಹಾಕಿದ ಮೇಲೆ ನೀನೂ ಅವಳ ಬೆನ್ನು ನೋಡು."

ಅಷ್ಟೇ ಅವಳ ಪಾಠ. ಜಗಳ ಆಡಿದವರೂ ಹತ್ತು ನಿಮಿಷಕ್ಕೆ ಒಬ್ಬರ ಬೆನ್ನಿಗೊಬ್ಬರು ನಿಂತಿರುತ್ತಿದ್ದರು.

ಈ ವರ್ಷ ದೊಡ್ಡ ಮಿಸ್ಸಿಗೆ ಹೊಸ ಹುರುಪು ಬಂತು. ಪ್ರತಿ ಶುಕ್ರವಾರ 'ಒಳ್ಳೆಯ ಗೆಳತಿ' ಅಂತ ಒಂದು ಬ್ಯಾಡ್ಜು. ಯಾರಿಗೆ ಕೊಡಬೇಕು ಅಂತ ಮಕ್ಕಳೇ ಕೈ ಎತ್ತಿ ಹೇಳಬೇಕು. ಒಂದೇ ತಿಂಗಳಲ್ಲಿ ಎಲ್ಲ ಕೆಟ್ಟು ಕೆರ ಹಿಡಿಯಿತು. "ನನಗೆ ಕೈ ಎತ್ತಿದ್ರೆ ಮಾತ್ರ ನಿನ್ನ ಗುಂಡಿ ಹಾಕ್ತೀನಿ" ಅಂತ ಐದು ವರ್ಷದ ಮಕ್ಕಳ ಬಾಯಲ್ಲಿ ಕೇಳಬೇಕಾಯಿತು. ಹಾಗೆ ಮೊದಲು ಹೇಳಿದವಳು ಯಾರು? ನಮ್ಮ ಮನೆಯ ಮುದ್ದು ಬಂಗಾರವೇ. ಮೂರು ವಾರದಿಂದ ಬ್ಯಾಡ್ಜು ಅವಳ ಎದೆಯ ಮೇಲೆಯೇ.

ಒಂದು ಹುಡುಗಿಯನ್ನಂತೂ ಯಾರೂ ಮುಟ್ಟುತ್ತಿರಲಿಲ್ಲ. ಕಜ್ಜಿಯಾಗಿ ಎರಡು ಬೆರಳಿಗೆ ಪಟ್ಟಿ. ಇನ್ನು ಅಂಟುವುದಿಲ್ಲ ಅಂತ ಡಾಕ್ಟರು ಹೇಳಿದ್ದರೂ ಮಕ್ಕಳು ಅವಳನ್ನು 'ಮುಲಾಮು' ಅಂತ ಕರೆದು ಮೂಗು ಮುಚ್ಚಿಕೊಳ್ಳುತ್ತಿದ್ದರು. ಗೌನು ಭುಜದಿಂದ ಜಾರುತ್ತಿದ್ದರೆ ಮಗು ಗೋಡೆಗೆ ಬೆನ್ನು ಆನಿಸಿ ನಿಲ್ಲುತ್ತಿತ್ತು. ಅವಳ ಅಮ್ಮ ಆಯಮ್ಮನಿಗೆ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದೆ: "ಇದೊಂದು ವಾರ ನೋಡ್ತೀನಿ ಆಯಮ್ಮ. ಆಮೇಲೆ ಶಾಲೆ ಬಿಡಿಸಿಬಿಡ್ತೀನಿ. ರಾತ್ರಿಯೆಲ್ಲ ಪಟ್ಟಿ ಕಿತ್ತು ಕಿತ್ತು ನೋಡ್ಕೊಳ್ಳುತ್ತೆ."

"ನೀನಾದ್ರೂ ಅವಳ ಗುಂಡಿ ಹಾಕಬಾರದೇನೇ?" ಅಂತ ನಾನು ಆಯಮ್ಮನನ್ನು ಗದರಿದೆ.

"ನಾನು ಹಾಕಿದ್ರೆ ಅವಳು ಆಯಮ್ಮನ ಪಾಲು ಅಂತ ಎಲ್ಲರೂ ಬಿಟ್ಟೇಬಿಡ್ತಾರೆ, ಅಮ್ಮಾ."

ಶುಕ್ರವಾರ ಎಲ್ಲರದೂ ನೀಲಿ ಗೌನಿನಲ್ಲೇ ಫೋಟೋ. ದೊಡ್ಡ ಮಿಸ್ಸು ಮುಲಾಮನ್ನು ಭುಜ ಹಿಡಿದು ಕೊನೆಯ ಸಾಲಿಗೆ ತಳ್ಳಿದರು. "ಬೆರಳು ಕಾಣಬಾರದು ಪುಟ್ಟಾ, ಚೆನ್ನಾಗಿರಲ್ಲ." ಸ್ನೇಹದ ಪಾಠ ಹೇಳುವ ಬಾಯಿ ಅದು! ಥೂ.

ಅಷ್ಟರಲ್ಲಿ ನಮ್ಮ ಮನೆಯ ರಾಣಿ ಕೈ ತೊಳೆದು, ಗೌನಿನ ಬೆನ್ನು ಬಿಟ್ಟುಕೊಂಡು ಓಡಿಬಂದಳು. "ಯಾರಾದ್ರೂ ಹಾಕ್ರೇ!" ಸಾಲು ಬಿಟ್ಟರೆ ಜಾಗ ಹೋಗುತ್ತೆ ಅಂತ ಒಬ್ಬಳೂ ಕದಲಲಿಲ್ಲ. ಆಯಮ್ಮನ ಕೈ ಬೆನ್ನ ಹಿಂದೆಯೇ ಇತ್ತು. ಕೊನೆಯ ಸಾಲಿನಿಂದ ಮುಲಾಮು ಬಂದಳು. ಪಟ್ಟಿ ಕಟ್ಟಿದ ಬೆರಳಲ್ಲಿ ತಡವರಿಸುತ್ತಾ ನಾಲ್ಕೂ ಗುಂಡಿ ಹಾಕಿದಳು. ಹಾಕಿ, ತಿರುಗಿ, ತನ್ನ ಬೆನ್ನು ಕೊಟ್ಟು ನಿಂತಳು.

ನಮ್ಮವಳು ಮುಂದಿನ ಸಾಲಿಗೆ ಓಡಿದಳು.

ನನ್ನದೇ ರಕ್ತ. ಕೂತಲ್ಲೇ ಅಸಹ್ಯವಾಯಿತು. ಎದ್ದು ಹೋಗಿ ಮೊಮ್ಮಗಳ ರಟ್ಟೆ ಹಿಡಿದೆಳೆದೆ. ಆಯಮ್ಮ ನನ್ನ ಕೈ ಬಿಡಿಸಿ, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ನಿನ್ನ ಬೆನ್ನು ಯಾರೇ ಮುಚ್ಚಿದ್ದು?"

ನಮ್ಮವಳು ಮುಲಾಮಿನ ಕಡೆ ಬೆರಳು ತೋರಿಸಿದಳು.

"ಅವಳದ್ದು ಇನ್ನೂ ತೆರೆದೇ ಇದೆ, ನೋಡು."

ದೊಡ್ಡ ಮಿಸ್ಸು "ಬೇಗ, ಬೇಗ" ಅನ್ನುತ್ತಿದ್ದರು. ಆಯಮ್ಮ ಅಲ್ಲಾಡಲಿಲ್ಲ. ನಮ್ಮವಳು ಮೂತಿ ಸೊಟ್ಟ ಮಾಡಿಕೊಂಡು ಹೋಗಿ, ಉಸಿರು ಬಿಗಿಹಿಡಿದು, ಒಂದೊಂದೇ ಗುಂಡಿ ಹಾಕಿದಳು. ಮುಗಿದ ಮೇಲೆ ತನ್ನ ಬೆರಳುಗಳನ್ನು ತಿರುಗಿಸಿ ನೋಡಿಕೊಂಡಳು. ಏನೂ ಆಗಿರಲಿಲ್ಲ.

"ಈಗ ಮುಂದಿನ ವಾರಾನೂ ಬ್ಯಾಡ್ಜು ನನಗೇನಾ?"

ನಾನು ಹಣೆ ಚಚ್ಚಿಕೊಂಡೆ. ಆಯಮ್ಮ ನಕ್ಕಳು. "ಬಿಡಿ ಅಮ್ಮಾ, ಗುಂಡಿಯಂತೂ ಹಾಕಿದಳಲ್ಲ."

ಸೋಮವಾರ ಮುಲಾಮು ಬಂದಿದ್ದಳು. ಬೆನ್ನು ಗೋಡೆಗೆ ಆನಿಸಿರಲಿಲ್ಲ. ಫೋಟೋ ಕೂಡ ಬಂತು, ಮುಂದಿನ ಸಾಲಲ್ಲಿ ಬ್ಯಾಡ್ಜು ಹೊಳೆಯುತ್ತಿದೆ. ಗೋಡೆಗೆ ಹಾಕೋಣ ಅಂದಳು ಸೊಸೆ. ನಾನು ಮೊಳೆ ಕೊಡಲಿಲ್ಲ.