ಎಲ್ಲರೂ ಎದ್ದು ನಿಂತ ಮೀಟಿಂಗ್

ಇವತ್ತು ಕೊನೆಗೂ ನಾನು ಎದ್ದು ನಿಂತೆ, ಗೆಳೆಯರೇ. ಹೊಸಪೇಟೆಯ ನಮ್ಮ ಟ್ರ್ಯಾಕ್ಟರ್ ಶೋರೂಮಿನಲ್ಲಿ ಒಂದು ಪದ್ಧತಿ ಇದೆ. ಹಿಂದಿನ ದಿನ ಬುಕಿಂಗ್ ತಂದವರಿಗೆ ಬೆಳಗಿನ ಮೀಟಿಂಗಿನಲ್ಲಿ ಕುರ್ಚಿ, ತರದವರು ಮುಗಿಯುವ ತನಕ ನಿಂತಿರಬೇಕು. ನಮ್ಮ ಜೊತೆ ಕೆಲಸ ಮಾಡುವ ಮಂಜುಳಾ ನಿನ್ನೆ ಜ್ವರದಲ್ಲೇ ಮೆಟ್ರಿ ಊರಿನ ಕಡೆ ಹೊಲಹೊಲ ಸುತ್ತಿ ಬರಿಗೈಯಲ್ಲಿ ಬಂದಿದ್ದಳು. ಇವತ್ತು ಗೋಡೆ ಹಿಡಿದು ನಿಂತಿದ್ದಳು, ಇನ್ನೇನು ಬೀಳುವ ಹಾಗಿದ್ದಳು.

“ನೀ ಯಾಕ ಎದ್ದಿಯೋ? ನಿನ್ನ ಬುಕಿಂಗ್ ಆಗೇತಲ್ಲ,” ಅಂದರು ಮ್ಯಾನೇಜರ್.

“ಆಕಿಗೆ ಭಾಳ ಜ್ವರ ಐತ್ರಿ ಸರ್. ಮೊದಲ ಆಕಿ ಕುಂದ್ರಲಿ.”

“ಕುಂತ್ರ ಟಾರ್ಗೆಟ್ ಯಾರು ಮುಟ್ಟಸ್ತಾರ?”

“ನಿಲ್ಲಿಸಿದ್ರ ಮಾರಾಟ ಆಗೂದಾದ್ರ, ಹೊರಗಿನ ಕರೆಂಟ್ ಕಂಬ ನಮ್ಮ ನಂಬರ್ ಒನ್ ಸೇಲ್ಸ್‌ಮನ್ ಆಗಬೇಕಿತ್ರಿ.”

ಯಾರೂ ನಗಲಿಲ್ಲ. ಬದಲಿಗೆ ಕುರ್ಚಿಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದರು. ಇಡೀ ಕೋಣೆಯಲ್ಲಿ ಕೂತವರು ಮ್ಯಾನೇಜರ್ ಒಬ್ಬರೇ. ಅವರು ಫ್ಯಾನು ನೋಡಿದರು, ನೆಲ ನೋಡಿದರು, ಆಮೇಲೆ “ಕುಂದ್ರವ್ವಾ ಮಂಜುಳಾ” ಅಂದರು.

ನಾಳೆಯೂ ಯಾರನ್ನಾದರೂ ನಿಲ್ಲಿಸಿದರೆ ನಾವೆಲ್ಲ ನಿಲ್ಲುವುದೇ ಎಂದು ಮಾತಾಗಿದೆ. ಈ ತಿಂಗಳ ನಮ್ಮ ಟಾರ್ಗೆಟ್ ಅದೊಂದೇ.

ಇದನ್ನು ಫೋನಿನಲ್ಲಿ ಬರೆಯುತ್ತಿರುವಾಗಲೇ, ಮಾತ್ರೆ ನುಂಗಿ ಚೇತರಿಸಿಕೊಂಡ ಮಂಜುಳಾ ಕರೆಯುತ್ತಿದ್ದಾಳೆ. “ಅಣ್ಣಾ, ಫೋನ್ ಇಡ್ರಿ, ರೊಟ್ಟಿ ಆರಾಕತ್ತಾವು. ಊಟಾನರ ಎಲ್ಲಾರೂ ಕುಂತು ಮಾಡೂಣು ಬರ್ರಿ.”