ಏನನ್ನಾದರೂ ಹಿಡಿಯುವ ಡಬ್ಬಿ

ನನ್ನ ಸೋದರಮಾವ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದವರು. ಅವರು ಕೆಮ್ಮುವುದನ್ನೂ ಲಾಳಿ ಸಿಕ್ಕಿಕೊಂಡರೆ ಅದರ ವಂಶವನ್ನೇ ಬೈಯುವುದನ್ನೂ ಅವರೆದುರೇ ಅನುಕರಿಸುತ್ತಿದ್ದೆ. "ನನಗಿಂತ ನೀನೇ ಚೆಂದಾಗಿ ಕೆಮ್ತೀಯ ಕಣ್ಲಾ" ಎಂದು ನಗುತ್ತಿದ್ದರು.

ಮಂಡಿನೋವು ಹೆಚ್ಚಾಗಿ, ಮಗ್ಗದ ಗುಂಡಿಗೆ ಇಳಿದು ಹತ್ತುವುದೇ ಕಷ್ಟವಾಯಿತು. ಹಳೆಯ ತೇಗದ ಮಗ್ಗ. ಯಳಂದೂರಿನವರೊಬ್ಬರು ಕಿಟಕಿ ಚೌಕಟ್ಟಿಗೆಂದು ಕೇಳಿದರು, ಮಾವ ಒಪ್ಪಿದರು. ಆದರೆ ಸೀರೆ ಅಂಚಿನ ಚಿತ್ತಾರಗಳೆಲ್ಲ ಅವರೊಬ್ಬರಿಗೇ ಗೊತ್ತಿದ್ದವು.

"ಬಾಯಲ್ಲಿ ಕೇಳಿದ್ರೆ ಬರಕಿಲ್ಲ. ಮಗ್ಗದಲ್ಲಿ ಕೂತ್ರೆ ತಾನಾಗೇ ಬತ್ತದೆ. ಅದು ಓಗೋಕ್ ಮುಂಚೆ ಬಂದು ನಿನ್ ಕಂಪ್ಯೂಟ್ರಲ್ಲಿ ಇಟ್ಕೊ" ಎಂದು ಮಾವ ಫೋನಿನಲ್ಲಿ ಹೇಳಿದರು.

ನಾನು ಆ್ಯಪ್ ಬರೆಯುವವನು. ಬರೆಯುವುದಕ್ಕಿಂತ ಬರೆಯುತ್ತೇನೆಂದು ಹೇಳಿಕೊಳ್ಳುವುದೇ ಹೆಚ್ಚು. ಒಂದು ಅಂಚಿಗೆ ಎಳೆಗಳ ಸಂಖ್ಯೆ, ಬಣ್ಣದ ಹೆಸರು, ಒಂದು ಫೋಟೊ ಇಡಬೇಕು. ಇನ್ನೊಂದಕ್ಕೆ ಎರಡು ಫೋಟೊ, ಜೊತೆಗೆ ಮಾವನ ಧ್ವನಿ. ಎಲ್ಲವನ್ನೂ ಬರೀ ಅಕ್ಷರ ಮಾಡಿ ತುರುಕಿದರೆ ಸಂಖ್ಯೆ ಸಂಖ್ಯೆಯಾಗಿ ಉಳಿಯುವುದಿಲ್ಲ, ಧ್ವನಿ ಧ್ವನಿಯಾಗಿ ಉಳಿಯುವುದಿಲ್ಲ. ಇದಕ್ಕೆ ವೇರಿಯಾಡಿಕ್ ಜೆನರಿಕ್ಸ್ ಎಂಬ ವಿದ್ಯೆ ಇದೆ. ಖಾನೆಗಳು ಎಷ್ಟೇ ಇರಲಿ, ಒಂದೊಂದರ ಬಗೆಯನ್ನೂ ಕೆಡಿಸದೆ ಒಂದೇ ಡಬ್ಬಿಯಲ್ಲಿ ಇಡಬಹುದು. ಮೊದಲು ಅಂಥ ಡಬ್ಬಿ, ಆಮೇಲೆ ಮಾವ ಎಂದುಕೊಂಡೆ.

ಜೊತೆಗೆ ಕೆಲಸ ಮಾಡುವ ಮಾರ್ಟಳ್ಳಿಯ ಗೆಳೆಯ ತಲೆ ಚಚ್ಚಿಕೊಂಡ. "ಡೇ, ಫೋನ್ ತಕಂಡ್ ಓಗಿ ರೆಕಾರ್ಡ್ ಮಾಡ್ಲಾ! ಡಬ್ಬಿ ಆಮೇಲ್ ಮಾಡ್ಕೊ."

"ಪೊರುಮೈ ಮಚ್ಚಾ, ಪೊರುಮೈ" ಎಂದು ಅವನ ಮನೆಮಾತು ತಮಿಳಿನಲ್ಲಿ, ಅವನದೇ ದನಿಯಲ್ಲಿ ತಿರುಗಿಸಿ ಹೇಳಿದೆ. ತಾಳ್ಮೆ ಕಲಿಸಲು ಹೊರಟ ಮಹಾನುಭಾವ ನಾನು.

ಮಾವ ಫೋನ್ ಮಾಡಿದರು. "ಯಾವಾಗ್ಲಾ ಬರದು?"

"ಒಂದ್ ಎರರ್ ಅದೆ ಮಾವ, ಸರಿ ಮಾಡ್ಕಂಡ್ ಬತ್ತೀನಿ."

"ಓದ್ಸಲಾನೂ ಅದೇ ಅಂದೆ. ಅದ್ನೇ ಮದ್ವೆ ಆಗ್ಬುಡು ಅತ್ಲಾಗೆ."

ಡಬ್ಬಿಯಲ್ಲಿ ಇಟ್ಟದ್ದೆಲ್ಲ ಇಟ್ಟ ಹಾಗೆಯೇ ವಾಪಸ್ ಬರತೊಡಗಿದ ದಿನ, ಲ್ಯಾಪ್‌ಟಾಪ್ ಹೊತ್ತು ಹೋದೆ. ಗುಂಡಿಯ ಮೇಲೆ ಹಲಗೆ ಹಾಸಿ ರಾಗಿ ಮೂಟೆ ಪೇರಿಸಿದ್ದರು. ಮಾವ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದರು.

"ಟೆಂಪೋ ಬಂದ್ಬುಡ್ತು ಕಣಪ್ಪಾ. ಅಲ್ಲೋಗಿ ಕುಯ್ದೂ ಆಯ್ತಂತೆ."

ಆದರೂ ಫೋನ್ ಆನ್ ಮಾಡಿ ಹಿಡಿದೆ. ಅವರು ಕಣ್ಣು ಮುಚ್ಚಿ ಗಾಳಿಯಲ್ಲಿ ಕೈ ಆಡಿಸಿದರು. "ಎರಡ್ ಕೆಂಪು... ಒಂದ್ ಬುಟ್ಟು... ಅಲ್ಲ, ತಡಿ." ಕೈ ನಿಂತಿತು. ಕುರ್ಚಿಯ ಕೆಳಗೆ ಕಾಲುಗಳು ಮಗ್ಗದಲ್ಲಿ ತುಳಿಯುವ ಹಲಗೆಗಾಗಿ ತಡಕಾಡುತ್ತಿದ್ದವು. ರೆಕಾರ್ಡಿಂಗ್ ನಿಲ್ಲಿಸಿದೆ.

"ಕಾಲ್ ತುಳೀನಿಲ್ಲ ಅಂದ್ರೆ ಕೈಗೆ ಗೊತ್ತಾಗಕಿಲ್ಲ" ಎಂದು ತಪ್ಪು ತಮ್ಮದೇ ಎಂಬಂತೆ ನನ್ನತ್ತ ನೋಡಿದರು. ಎಲ್ಲರ ದನಿಯನ್ನೂ ಕದಿಯುವ ನಾನು ಆ ಮಾತನ್ನು ಮಾತ್ರ ಇವತ್ತಿಗೂ ಅನುಕರಿಸಿಲ್ಲ.

ನನ್ನ ಡಬ್ಬಿಯಲ್ಲಿ ಒಂದೂ ದೋಷವಿಲ್ಲ. ಒಳಗೆ ಏನೂ ಇಡದಿದ್ದರೂ ಅದು ತಕರಾರು ಮಾಡುವುದಿಲ್ಲ. ಈಗ ಅದರಲ್ಲಿರುವುದು ಆ ಒಂದು ಧ್ವನಿ ಮಾತ್ರ. ಮಾವ "ತಡಿ" ಅಂದ ಮೇಲೆ ಬರೀ ಪಾದ ನೆಲ ಉಜ್ಜುವ ಸದ್ದು. ಎಳೆ ಎಷ್ಟು, ಬಣ್ಣ ಯಾವುದು ಎಂಬ ಖಾನೆಗಳಿಗೆ ಏನು ತುಂಬಬೇಕೋ ನನಗೂ ತಿಳಿಯದು, ಅವರಿಗೂ ನೆನಪಿಲ್ಲ.